ಅರ್ಜಿದಾರರ ಪತ್ನಿಯ ಮೆಸ್

ನಮ್ಮೂರಿಗೆ ಹೊಸದಾಗಿ ಬಂದವರು ಕಾಲೇಜು ರಸ್ತೆಯಲ್ಲಿ ನಿಂತು ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಜನ ಕೈ ತೋರಿಸುವುದು ಒಂದು ಹಸಿರು ಬೋರ್ಡಿನ ಕಡೆಗೆ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ‘ಅರ್ಜಿದಾರರ ಪತ್ನಿಯ ಮೆಸ್’ ಎಂದು ಬರೆದಿದೆ. ಆ ಅರ್ಜಿದಾರ ನಾನೇ. ಹೆಸರು ತಿರುಮಲಯ್ಯ, ವಯಸ್ಸು ಐವತ್ತಾರು, ಓದಿದ್ದು ಬಿ.ಎ. ಎರಡನೆಯ ವರ್ಷದವರೆಗೆ. ಮೂರನೆಯ ವರ್ಷ ಯಾಕೆ ಓದಲಿಲ್ಲ ಎಂದು ಕೇಳಿದರೆ ಮೊದಲೆಲ್ಲ ಮನೆಯ ಪರಿಸ್ಥಿತಿ ಎನ್ನುತ್ತಿದ್ದೆ. ಮನೆಯ ಪರಿಸ್ಥಿತಿ ಚೆನ್ನಾಗಿಯೇ ಇತ್ತು, ನಾನು ಫೇಲಾದೆ.

ನಮ್ಮೂರಿನಲ್ಲಿ ಏನು ಬೇಕಾದರೂ ಪ್ರಬಂಧ ಬರೆದುಕೊಡಬೇಕು. ನಲ್ಲಿಗೆ ಐದು ಪುಟ, ಬೀದಿದೀಪಕ್ಕೆ ಏಳು, ಅಂಗಡಿಗೆ ಬೋರ್ಡು ಹಾಕಲು ಹತ್ತು. ಪ್ರಬಂಧ ಕಚೇರಿಯ ಗೋಡೆಗೆ ಪಾಂಡಿತ್ಯದ ಪದಗಳ ಒಂದು ದೊಡ್ಡ ಪಟ್ಟಿ ಅಂಟಿಸಿದ್ದಾರೆ. ಅದರಲ್ಲಿನ ನಲವತ್ತು ಪದಗಳಾದರೂ ಪ್ರಬಂಧದಲ್ಲಿ ಇರಬೇಕು, ನೋಡಿ ಬರೆಯುವಂತಿಲ್ಲ, ಕಲಿತು ಬರೆಯಬೇಕು. ಕಲಿಯುವುದೇನೂ ಕಷ್ಟವಲ್ಲ. ಮೇಷ್ಟ್ರ ಮುಂದೆ ಕೂತು ಹತ್ತು ಸಲ ಹೇಳಿ ಹತ್ತು ಸಲ ಬರೆದರೆ ಪದ ಬಂದುಬಿಡುತ್ತದೆ. ಆದರೆ ಒಂದು ಬಂದರೆ ಒಂದು ಹೋಗುತ್ತದೆ. ಬೆಳಿಗ್ಗೆ ‘ಪರಿಪ್ರೇಕ್ಷ್ಯ’ ಕಲಿತವನಿಗೆ ಸಂಜೆಯ ಹೊತ್ತಿಗೆ, ಬಟ್ಟೆ ಒಣಗಲು ಹಾಕುವ ದಾರಕ್ಕೆ ಏನೆನ್ನುತ್ತಾರೆ ಎಂಬುದು ಗೊತ್ತಿರುವುದಿಲ್ಲ. ವಸ್ತು ಕಾಣುತ್ತದೆ, ಉಪಯೋಗ ಗೊತ್ತಿರುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಬೇರೆಯವರು ಹೇಳಿದರೆ ಕೆಮ್ಮಿದ ಹಾಗೆ ಕೇಳಿಸುತ್ತದೆ, ಬರೆದು ತೋರಿಸಿದರೆ ಬರೀ ಗೆರೆ ಕಾಣಿಸುತ್ತದೆ. ಮತ್ತೆ ಬೇಕೆಂದರೆ ಹೊಸದಾಗಿ ಕೂತು ಕಲಿಯಬೇಕು, ಆಗ ಇನ್ನೊಂದು ಹೋಗುತ್ತದೆ.

ಇದಕ್ಕೆ ಊರು ಎಂದೋ ಒಗ್ಗಿಕೊಂಡಿದೆ. ಕಾಲೇಜಿನ ಹತ್ತಿರದ ಅಂಗಡಿಗಳಲ್ಲಿ ಎಲ್ಲ ಸಾಮಾನನ್ನೂ ಒಂದೊಂದು ಮಾದರಿಯಂತೆ ದಾರಕ್ಕೆ ಕಟ್ಟಿ ತೂಗುಹಾಕಿರುತ್ತಾರೆ, ಓದಿದವರು ಬಂದು ಬೆರಳು ತೋರಿಸಿ ಕೊಳ್ಳುತ್ತಾರೆ. ನಮ್ಮ ಪ್ರಿನ್ಸಿಪಾಲರ ಕೋಟಿನ ಜೇಬಿನಲ್ಲಿ ಸದಾ ನಾಲ್ಕು ತೊಗರಿಬೇಳೆ, ಒಂದು ಗುಂಡಿ, ಒಂದು ಹುಣಸೆಬೀಜ ಇರುತ್ತವೆ. ಅವರು ಅಂಗಡಿಯ ಕಟ್ಟೆಯ ಮೇಲೆ ಬೇಳೆಯನ್ನಿಟ್ಟು ಎರಡು ಬೆರಳು ಎತ್ತಿದರೆ ಎರಡು ಕಿಲೋ ಎಂದರ್ಥ. ಹೆಣ್ಣು ಕೊಡುವವರು ಗಂಡಿನ ಮುಂದೆ ಹತ್ತು ತರಕಾರಿಯ ತಟ್ಟೆ ಇಡುತ್ತಾರೆ. ಒಂದಕ್ಕೂ ಹೆಸರು ಹೇಳದೆ ಸುಮ್ಮನೆ ಕೂತವನು ಎಂ.ಎ. ಎಂದು ತಿಳಿದು ಒಳಗಿನಿಂದ ಉಪ್ಪಿಟ್ಟು ಬರುತ್ತದೆ. ನನ್ನ ಮದುವೆಯಲ್ಲಿ ನಾನು ಏಳಕ್ಕೆ ಹೆಸರು ಹೇಳಿಬಿಟ್ಟಿದ್ದೆ. ಆದರೂ ಹೆಣ್ಣು ಕೊಟ್ಟರು, ಅದು ಅವರ ದೊಡ್ಡತನ.

ನನ್ನ ಹೆಂಡತಿ ಹತ್ತೊಂಬತ್ತು ವರ್ಷಗಳಿಂದ ಮನೆಯ ಹಜಾರದಲ್ಲಿ ಮೆಸ್ ನಡೆಸುತ್ತಿದ್ದಾಳೆ. ಅಡುಗೆ ಅವಳದು, ಬಡಿಸುವುದು ಅವಳದು, ಸಾಮಾನು ತರುವುದು ಅವಳದು. ಮೇಲ್ವಿಚಾರಣೆ ನನ್ನದು. ಅಂದರೆ ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತು, ಬಂದವರನ್ನು ಬನ್ನಿ ಎಂದು, ಹೋಗುವವರನ್ನು ಊಟ ಆಯಿತೇ ಎಂದು ಕೇಳುವುದು. ಯಾರಿಗಾದರೂ ಸಾರು ಸಾಲದೆ ಹೋದರೆ ಒಳಗಿನವಳನ್ನು ಕೂಗಿ ಕರೆಯುವುದೂ ನನ್ನ ಕೆಲಸವೇ. ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಹೆಸರು ಹೇಳದ ಗಂಡಸರೆಲ್ಲ ಹೆಂಡತಿಯನ್ನು ಹೇಗೆ ಕರೆಯುತ್ತಾರೋ ನಾನೂ ಹಾಗೆಯೇ ಕರೆಯುತ್ತಿದ್ದೆ. ಆ ಕೂಗು ಯಾವುದೆಂದು ನಿಮಗೆ ಗೊತ್ತು. ಅದನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ನಮಗೆ ಮಕ್ಕಳಿಲ್ಲ. ಊಟಕ್ಕೆ ಬರುವ ಹುಡುಗರು ಅವಳನ್ನು ಮೆಸ್ಸಮ್ಮ ಎನ್ನುತ್ತಾರೆ.

ಹೋದ ವರ್ಷ ಪ್ರಬಂಧ ಕಚೇರಿಯವರು ಒಂದು ಹೊಸ ನಿಯಮ ತಂದರು. ಬೋರ್ಡು ಇಲ್ಲದ ಯಾವ ಅಡುಗೆಮನೆಯೂ ಹೊರಗಿನವರಿಗೆ ಬಡಿಸುವಂತಿಲ್ಲ, ಮೂರು ತಿಂಗಳ ಗಡುವು. ಈ ಸುದ್ದಿ ಬಂದ ದಿನ ಅವಳು ಬೀನ್ಸ್ ಸೋಸುತ್ತ ಕೂತಿದ್ದಳು.

“ಬೋರ್ಡ್ ಹಾಕ್ಬೇಕಂತೆ” ಎಂದೆ.

“ಹುಡುಗರು ಹೇಳಿದ್ರು. ಹಾಕೋದಾದ್ರೆ ನನ್ನ ಹೆಸರು ಹಾಕ್ಸಿ.”

“ನಿನ್ನ ಹೆಸರಾ?”

“ಯಾಕೆ, ಇಲ್ವಾ ನಂಗೆ?” ಎಂದು ಅವಳು ಬೀನ್ಸಿನ ನಾರು ತೆಗೆದಳು. “ತವರಲ್ಲಿ ಪಾಪು ಅಂತಿದ್ರು. ಇಲ್ಲಿಗೆ ಬಂದ್ಮೇಲೆ ನಿಮ್ಮ ತಮ್ಮಂದಿರು ಅತ್ತಿಗೆ ಅಂದ್ರು. ಹುಡುಗರು ಮೆಸ್ಸಮ್ಮ ಅಂತಾರೆ. ನೀವು ಕರೆಯೋದಂತೂ ಬಿಡಿ. ಅಪ್ಪ ಅಷ್ಟು ಯೋಚನೆ ಮಾಡಿ ಒಂದು ಹೆಸರಿಟ್ಟಿದ್ರು. ಸಾಯೋದ್ರೊಳಗೆ ಒಂದು ಕಡೆಯಾದ್ರೂ ಬರೆದಿರೋದು ನೋಡ್ಬೇಕು.”

ಮೂವತ್ತು ವರ್ಷಗಳಲ್ಲಿ ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೂ ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದಿರಬಹುದು. ಈ ಸಲ ಎಚ್ಚರವಾಗಿದ್ದೆ.

“ನಾನೇ ಬರೀತಿದ್ದೆ” ಎಂದಳು. “ಆದ್ರೆ ನಲವತ್ತು ಪದ ಹೋದ್ರೆ ನಾನು ಅಂಗಡೀಲಿ ಏನಂತ ಕೇಳ್ಲಿ? ಮೂವತ್ತು ಜನ ಉಪವಾಸ ಬೀಳ್ತಾರೆ.”

“ನಾನು ಬರೀತೀನಿ ಬಿಡು. ನಂಗೇನಿದೆ ಕಳ್ಕೊಳ್ಳೋಕೆ?”

ಅವಳು ಇನ್ನೊಂದು ಬೀನ್ಸ್ ಮುರಿದು “ಅದೂ ನಿಜಾನೆ” ಎಂದಳು. ನಾನು ವಿನಯಕ್ಕೆ ಹೇಳಿದ್ದೆ. ಅವಳು ಒಪ್ಪಿಕೊಳ್ಳುತ್ತಾಳೆಂದು ಎಣಿಸಿರಲಿಲ್ಲ.

ಮಾರನೆಯ ದಿನವೇ ಅಶ್ವತ್ಥ ಮೇಷ್ಟ್ರ ಮನೆಗೆ ಹೋದೆ. ನಮ್ಮೂರಿನಲ್ಲಿ ಪಾಂಡಿತ್ಯದ ಪದ ಹೇಳಿಕೊಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ತಾವು ಸಾವಿರದ ಇನ್ನೂರು ಪದ ಕಲಿತವರು, ಆದ್ದರಿಂದ ನೀರು ಕುಡಿಯಬೇಕೆಂದರೂ ಕೈಯನ್ನು ಬಾಯಿಯ ಹತ್ತಿರ ಹಿಡಿದು ತೋರಿಸುತ್ತಾರೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಮನೇಲಿ ಕಾವಲು ಯಾರು?” ಎಂದು ಕೇಳಿದರು.

ಕಾವಲು ನಮ್ಮೂರಿನ ಹಳೆಯ ಪದ್ಧತಿ. ಹೊಸ ಪದ ಕಲಿಯಲು ಹೊರಟವನು, ತನ್ನಿಂದ ಹೋಗಬಾರದ ಪದಗಳ ಪಟ್ಟಿ ಮಾಡಿ ಮನೆಯವರ ಕೈಗೆ ಕೊಡುತ್ತಾನೆ. ಅವರು ದಿನಾ ಬೆಳಿಗ್ಗೆ ಅವನ ಕಿವಿಯಲ್ಲಿ ಆ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಬೇಕು. ಆ ಉಸಿರಿನಲ್ಲಿ ಬಂದ ಪದ ಆ ದಿನ ಹೋಗುವುದಿಲ್ಲ. ಪಟ್ಟಿ ಕಲಿಯುವವನೇ ಕೊಡಬೇಕು, ಕಾವಲಿನವರು ತಾವಾಗಿ ಒಂದನ್ನೂ ಸೇರಿಸುವಂತಿಲ್ಲ. ಯಾವ ಪದ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದು ಯಾರಿಗೂ ತಿಳಿಯದು ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ನಾನು ಬಹಳ ಯೋಚಿಸಿ ಪಟ್ಟಿ ಮಾಡಿದೆ. ಕಾಫಿ, ಎಲೆಯಡಿಕೆ, ನಶ್ಯ, ದಿಂಬು, ಪೇಪರು, ಇಸ್ಪೀಟಿನ ನಾಲ್ಕು ಬಣ್ಣ, ರಾಜ, ರಾಣಿ, ಗುಲಾಮ, ಆಟಕ್ಕೆ ಬರುವ ಮೂವರು ಸ್ನೇಹಿತರ ಹೆಸರು, ಬೋಂಡಾ, ಬೆತ್ತದ ಕುರ್ಚಿ. ಹೆಂಡತಿ ಹುಣಸೆಹಣ್ಣಿನ ಕೈಯಲ್ಲೇ ಬಂದು, ನನ್ನ ಕಿವಿಗೆ ಬಾಯಿಟ್ಟು ಸರಸರನೆ ಹೇಳಿ ಮುಗಿಸಿದಳು.

“ಇನ್ನೇನಾದ್ರೂ ಸೇರಿಸ್ಬೇಕಾ? ನಂಗಿನ್ನೂ ಉಸಿರಿದೆ” ಎಂದಳು.

“ಬೇಡ, ಇಷ್ಟು ಸಾಕು.”

ಒಂದು ವಾರವಾದ ಮೇಲೆ ಮತ್ತೊಮ್ಮೆ ಕೇಳಿದಳು. “ಇನ್ನೊಂದು ಪದಕ್ಕೆ ಜಾಗ ಇದೆ, ಯೋಚ್ನೆ ಮಾಡಿ ನೋಡಿ” ಎಂದು ಬಾಗಿಲಲ್ಲೇ ನಿಂತಳು. ನಾನು ಕಣ್ಣು ಮುಚ್ಚಿ ನಿಜವಾಗಿಯೂ ಯೋಚಿಸಿದೆ. ಆಮೇಲೆ ‘ಚಕ್ಕುಲಿ’ ಸೇರಿಸು ಎಂದೆ. ಅವಳು ಒಳಗೆ ಹೋದಳು, ಮಾರನೆಯ ದಿನದಿಂದ ಚಕ್ಕುಲಿಯೂ ಸೇರಿತು.

ನಾನು ದಿನಕ್ಕೊಂದು ಪದದಂತೆ ಕಲಿತೆ. ಪರಿಕಲ್ಪನೆ, ಆಯಾಮ, ಅನುಸಂಧಾನ, ಸಂಕಥನ, ತೌಲನಿಕ, ಅಂತರ್ಗತ. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಬಿ.ಎ. ಫೇಲಾದ ಬಾಯಿಂದ ‘ದ್ವಂದ್ವಾತ್ಮಕ’ ಎಂಬ ಪದ ಎಲ್ಲೂ ಮುಗ್ಗರಿಸದೆ ಹೊರಬಿದ್ದ ದಿನ ಕನ್ನಡಿಯ ಮುಂದೆ ನಿಂತು ಇನ್ನೂ ಎರಡು ಸಲ ಹೇಳಿದೆ. ಇಸ್ಪೀಟು ಆಡುವಾಗ ಎಲೆ ಎಸೆದು “ಈ ನಡೆಯ ಪ್ರಸ್ತುತತೆಯನ್ನು ಗಮನಿಸಿ” ಎಂದೆ. ಸ್ನೇಹಿತರು ಗಮನಿಸಿದರು, ಆ ಆಟ ನಾನು ಸೋತಿದ್ದೆ.

ಮನೆಯಲ್ಲಿ ಒಂದೊಂದಾಗಿ ಪದಗಳು ಹೋಗತೊಡಗಿದವು. ಪಾತ್ರೆಯಿಂದ ಸಾರು ಎತ್ತಿ ಬಡಿಸುವ, ಉದ್ದ ಹಿಡಿಯ ಸಾಧನದ ಹೆಸರು ಹೋಯಿತು. ನೆಲ ಗುಡಿಸುವುದರ ಹೆಸರು ಹೋಯಿತು. ಬಿಸಿ ಪಾತ್ರೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ್ದು, ಹಿಟ್ಟು ಸೋಸುವ ತೂತಿನದ್ದು, ಹಾಲು ಮೊಸರಾಗಲು ಹಾಕುವ ಹನಿ, ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ ಸಾರಿನ ಮೇಲೆ ಚುರ್ ಎನ್ನಿಸುವ ಆ ಕೆಲಸ, ಎಲ್ಲದರ ಹೆಸರೂ ಹೋಯಿತು. ಒಂದು ದಿನ ಅವಳು ಒಲೆಯ ಮುಂದಿನಿಂದ ಏನನ್ನೋ ಕೊಡಿ ಎಂದಳು. ಅವಳ ಬಾಯಿ ಅಲ್ಲಾಡಿತು, ನನಗೆ ಕೇಳಿಸಿದ್ದು ಕೆಮ್ಮು. ನಾನು ಅಡುಗೆಮನೆಯಲ್ಲಿದ್ದ ಒಂದೊಂದೇ ವಸ್ತುವನ್ನು ಎತ್ತಿ ತೋರಿಸಿದೆ. ಹನ್ನೊಂದನೆಯದಕ್ಕೆ ತಲೆಯಾಡಿಸಿದಳು, ಅಷ್ಟರಲ್ಲಿ ಪಲ್ಯ ಸೀದಿತ್ತು.

“ನೀವು ಬರೀತಿರೋದು ನನ್ನ ಮೆಸ್ಸಿಗೆ ತಾನೆ?” ಎಂದಳು.

“ಹೌದು. ಯಾಕೆ?”

“ಸುಮ್ನೆ ಕೇಳ್ದೆ.”

ಪ್ರಬಂಧ ಮುಗಿದ ದಿನ ಅವಳ ಮುಂದೆ ಓದಿದೆ. ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ‘ಸಮಕಾಲೀನ ಸಂದರ್ಭದ ಬಹುಮುಖಿ ಆಯಾಮಗಳ ಪರಿಪ್ರೇಕ್ಷ್ಯದಲ್ಲಿ, ಹಸಿವು ಎಂಬ ಪರಿಕಲ್ಪನೆಯನ್ನು ತೌಲನಿಕ ನೆಲೆಯಿಂದ ಅನುಸಂಧಾನಕ್ಕೆ ಒಳಪಡಿಸಿದಾಗ’ ಎಂದು ಮೊದಲ ವಾಕ್ಯ ಆರಂಭವಾಗುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಆರು ಚಪಾತಿ ಆಗಿದ್ದವು.

“ಇದ್ರಲ್ಲಿ ಊಟ ಎಲ್ಲಿ ಬರುತ್ತೆ?” ಎಂದು ಕೇಳಿದಳು.

“ಊಟ ಇದರ ಅಂತರ್ಗತ ನೆಲೆ.”

“ಅಂದ್ರೆ ಬರಲ್ಲ.”

“ಬೋರ್ಡ್ ಬರುತ್ತಲ್ಲ, ಅದು ಮುಖ್ಯ” ಎಂದೆ. ಅದಕ್ಕೆ ಅವಳು ಸ್ವಲ್ಪ ನಕ್ಕಳು. ಆಮೇಲೆ, ಬೋರ್ಡಿಗೆ ಹಸಿರು ಬಣ್ಣವಿದ್ದರೆ ಚೆನ್ನ, ಅಕ್ಷರ ಹಳದಿ ಇರಲಿ, ಗಾಡಿಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪ ಇರಲಿ ಎಂದು ಹೇಳಿದಳು. ಅವಳು ಇದನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಂಡಿದ್ದಳು ಎಂದು ಆಗ ಗೊತ್ತಾಯಿತು.

ನಾನು ಗಡುವಿನ ಕೊನೆಯ ದಿನ ಕಚೇರಿಗೆ ಹೋದೆ. ಮೊದಲೇ ಹೋಗಬಹುದಿತ್ತು, ಆದರೆ ಪ್ರಬಂಧವನ್ನು ಎಲ್ಲ ಸ್ನೇಹಿತರಿಗೂ ಓದಿ ತೋರಿಸುವುದು ಬಾಕಿಯಿತ್ತು. ಕಚೇರಿಯ ಕಿಟಕಿ ಮೂರು ಗಂಟೆಗೆ ಮುಚ್ಚುತ್ತದೆ. ನನ್ನ ಸರದಿ ಬಂದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಕನ್ನಡಕದ ಅಧಿಕಾರಿ ಪುಟ ತಿರುವಿ, ಪಟ್ಟಿಯ ಪದ ಬಂದಲ್ಲೆಲ್ಲ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಎಣಿಸಿದರು.

“ನಲವತ್ಮೂರು. ಬಹಳ ಚೆನ್ನಾಗಿದೆ” ಎಂದರು. ಒಂದು ವಾಕ್ಯವನ್ನೂ ಅವರು ಓದಿರಲಿಲ್ಲ, ಆದರೂ ನನ್ನ ಎದೆ ಉಬ್ಬಿತು. “ಈ ಫಾರಂ ತುಂಬಿ. ಪ್ರಬಂಧ ಬರೆದವರೇ ತುಂಬ್ಬೇಕು, ಇಲ್ಲೇ ನನ್ನೆದುರಿಗೆ.”

ಅರ್ಜಿದಾರರ ಹೆಸರು ಬರೆದೆ. ವಿಳಾಸ ಬರೆದೆ. ಮೂರನೆಯ ಸಾಲಿನಲ್ಲಿ ‘ಬೋರ್ಡಿನ ಮೇಲೆ ಬರಬೇಕಾದ ಹೆಸರು’ ಎಂದಿತ್ತು. ಪೆನ್ನನ್ನು ಕಾಗದಕ್ಕೆ ತಾಗಿಸಿದೆ. ನಮ್ಮ ಮನೆಯ ಗೋಡೆಯ ಮೇಲಿನ ಸ್ವಿಚ್ಚಿಗೆ ಕೈ ಹಾಕಿದಾಗ ಬರೀ ಗೋಡೆ ಸಿಕ್ಕಿದ ಹಾಗಾಯಿತು.

ಮೊದಲು ಹೆದರಲಿಲ್ಲ. ಬಾಯಿಯ ತುದಿಯಲ್ಲೇ ಇರಬೇಕು ಎಂದುಕೊಂಡೆ. ಅವಳ ಮುಖ ನೆನಪಿಸಿಕೊಂಡೆ, ಬಂತು. ಎಡಗೆನ್ನೆಯ ಮಚ್ಚೆ, ಬಲಗೈಯ ಮೇಲಿನ ಎಣ್ಣೆ ಸಿಡಿದ ಕಲೆ, ಕೆಮ್ಮುವ ಮೊದಲು ಸೆರಗು ಹಿಡಿಯುವ ರೀತಿ, ಎಲ್ಲವೂ ಬಂದವು. ಮದುವೆಯ ದಿನವೂ ನೆನಪಾಯಿತು. ನಮ್ಮ ಮನೆಯ ಹೊಸಿಲಿನಲ್ಲಿ ಹೆಂಗಸರು ಅಡ್ಡ ನಿಂತು, ಹೆಂಡತಿಯ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿದಿದ್ದರು. ನಾನು ಕಿವಿ ಕೆಂಪು ಮಾಡಿಕೊಂಡು ಹೇಳಿದ್ದೆ. ಹೇಳಿದ್ದು ನೆನಪಿತ್ತು, ಎಲ್ಲರೂ ನಕ್ಕದ್ದೂ ನೆನಪಿತ್ತು. ಏನು ಹೇಳಿದೆ ಎಂಬುದು ಮಾತ್ರ ಇರಲಿಲ್ಲ.

ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ಲೆಕ್ಚರರುಗಳು ಒಂಬತ್ತು ವರ್ಷದಿಂದ ನಮ್ಮಲ್ಲೇ ಊಟ ಮಾಡುವವರು. ನಾಚಿಕೆ ಬಿಟ್ಟು ಅವರನ್ನು ಕೇಳಿದೆ.

“ಮೆಸ್ಸಮ್ಮ ಅಲ್ವಾ?” ಎಂದರು ಒಬ್ಬರು.

“ಅದು ಹೆಸರಲ್ಲ ಸಾರ್.”

“ಹೌದಾ? ನಾನು ಅದೇ ಹೆಸರು ಅಂದ್ಕೊಂಡಿದ್ದೆ” ಎಂದರು ಇನ್ನೊಬ್ಬರು.

ಅಧಿಕಾರಿ ಗಡಿಯಾರ ನೋಡಿದರು. “ಖಾಲಿ ಬಿಡೋ ಹಾಗಿಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ ಬೀಗ ಹಾಕ್ತೀವಿ.”

ಮನೆಗೆ ಹೋಗಿ ಬರಲು ಒಂದು ಗಂಟೆ ಬೇಕು. ‘ಮೆಸ್ಸಮ್ಮ’ ಎಂದಾದರೂ ಬರೆಯಬಹುದಿತ್ತು, ಆದರೆ ನಲವತ್ಮೂರು ಪದಗಳ ಪ್ರಬಂಧದ ಘನತೆಗೆ ಅದು ಕಡಿಮೆ ಎನಿಸಿತು. ಆಗ ನನ್ನ ತಲೆಯಲ್ಲಿ ಇದ್ದವೆಲ್ಲ ಅಂಥ ಪದಗಳೇ. ಮೂರು ಗಂಟೆಗೆ ಒಂದು ನಿಮಿಷ ಇರುವಾಗ, ಮುತ್ತಿನಂಥ ಅಕ್ಷರಗಳಲ್ಲಿ ‘ಅರ್ಜಿದಾರರ ಪತ್ನಿ’ ಎಂದು ಬರೆದು ಸಹಿ ಹಾಕಿದೆ.

ಬೋರ್ಡು ಬರೆಸಿ ತಂದುಹಾಕುವುದು ಕಚೇರಿಯವರದೇ ಕೆಲಸ. ಬಣ್ಣ, ಅಕ್ಷರದ ದಪ್ಪ ಮಾತ್ರ ಅವಳು ಹೇಳಿದಂತೆಯೇ ಅವರಿಗೆ ಹೇಳಿ ಬಂದಿದ್ದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಾನು ಅವಳಿಗೆ ಏನೂ ಹೇಳಲಿಲ್ಲ. ಹೇಗೋ ಸರಿಹೋಗುತ್ತದೆ, ಕಚೇರಿಯವರಿಗೇ ಯಾರಿಗಾದರೂ ಗೊತ್ತಿದ್ದೀತು ಎಂದು ಕಾದೆ. ಬೋರ್ಡು ಬರುವ ದಿನ ಅವಳು ಬೇಗ ಸ್ನಾನ ಮಾಡಿ, ಗಿಣಿಹಸಿರಿನ ಸೀರೆಯುಟ್ಟು, ತಟ್ಟೆಯಲ್ಲಿ ಅರಿಸಿನ ಕುಂಕುಮ, ಹೂವು, ತೆಂಗಿನಕಾಯಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಊಟಕ್ಕೆ ಬರುವ ಹುಡುಗರೂ ಸೇರಿದ್ದರು. ಕಚೇರಿಯವರು ಏಣಿ ಹತ್ತಿ ಬೋರ್ಡು ಬಿಗಿದು, ಮೇಲೆ ಸುತ್ತಿದ್ದ ಕಾಗದ ಹರಿದರು. ಹಸಿರು ಬಣ್ಣ, ಹಳದಿ ಅಕ್ಷರ. ಗಾಡಿಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪವಾಗಿತ್ತು.

ಅವಳು ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಹುಡುಗರಲ್ಲಿ ಒಬ್ಬ ನಕ್ಕು, ಅವಳ ಮುಖ ನೋಡಿ ಸುಮ್ಮನಾದ. ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದವಳ ಹಿಂದೆಯೇ ನಾನೂ ಹೋದೆ.

“ನನ್ನ ಹೆಸರೇನು?” ಎಂದು ಕೇಳಿದಳು.

ನಾನು ನೆಲ ನೋಡಿದೆ.

“ಎರಡು ಸಲ ಕೇಳಿದ್ದೆ ನಾನು” ಎಂದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅಕ್ಕಿ ತೊಳೆಯಲು ನೀರು ಬಿಟ್ಟಳು. ಆ ತೆಂಗಿನಕಾಯಿ ಮಾರನೆಯ ದಿನ ಚಟ್ನಿಯಾಯಿತು. ನಾನು ತಿಂದೆ. ರುಚಿಯಾಗಿತ್ತು, ಆದರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಅಂದಿನಿಂದ ಬೆಳಗಿನ ಕಾವಲು ನಿಂತಿತು. ಅವಳು ನನ್ನ ಜೊತೆ ಮಾತು ಬಿಡಲಿಲ್ಲ, ಬೇಕಾದಷ್ಟು ಮಾತ್ರ ಆಡಿದಳು. ಅವಳನ್ನು ಕೂಗಿ ಕರೆಯಲು ನನಗೆ ಬಾಯಿ ಬರಲಿಲ್ಲ. ಯಾರಿಗಾದರೂ ಸಾರು ಬೇಕಾದರೆ ಕುರ್ಚಿಯಿಂದ ಎದ್ದು ಒಳಗೆ ಹೋಗಿ, ಬಾಗಿಲ ಹತ್ತಿರ ನಿಂತು ಕೆಮ್ಮಿ, ಮೆಲ್ಲಗೆ ಹೇಳಿ ಬರುತ್ತಿದ್ದೆ. ಹತ್ತೊಂಬತ್ತು ವರ್ಷಗಳಲ್ಲಿ ನಾನು ಅಷ್ಟು ಸಲ ಎದ್ದವನಲ್ಲ. ಹೀಗೆ ಒಂದೂವರೆ ತಿಂಗಳು ಕಳೆಯಿತು. ಬೋರ್ಡು ಬದಲಿಸಲು ಏನು ಮಾಡಬೇಕು ಎಂದು ಕಚೇರಿಯಲ್ಲಿ ವಿಚಾರಿಸಿದೆ. ತಿದ್ದುಪಡಿಗೆ ಇನ್ನೊಂದು ಪ್ರಬಂಧ, ಎಂಬತ್ತು ಹೊಸ ಪದ ಎಂದರು.

ಸಿಟ್ಟು ಬಂದು ಅಶ್ವತ್ಥ ಮೇಷ್ಟ್ರ ಮನೆಗೆ ನುಗ್ಗಿದೆ. “ನಿಮ್ಮ ಪದಗಳಿಂದ ನನ್ನ ಸಂಸಾರ ಹಾಳಾಯ್ತು ಮೇಷ್ಟ್ರೇ” ಎಂದೆ.

ಅವರು ಶಾಂತವಾಗಿ ಕೂರಿಸಿದರು. “ಏನೇನು ಹೋಯ್ತು, ಹೇಳಿ.”

ಸಾರು ಎತ್ತುವುದು, ನೆಲ ಗುಡಿಸುವುದು, ಹಿಟ್ಟು ಸೋಸುವುದು, ಹಾಲಿಗೆ ಹಾಕುವ ಹನಿ ಎಂದು ಕೈಸನ್ನೆ ಮಾಡಿಕೊಂಡು ಹೇಳಿದೆ. ಕೊನೆಗೆ ಅವಳ ಹೆಸರು ಎಂದೆ.

“ಇದ್ರಲ್ಲಿ ನೀವು ದಿನಾ ಬಾಯಲ್ಲಿ ಆಡ್ತಿದ್ದದ್ದು ಒಂದು ತೋರ್ಸಿ” ಎಂದರು ಮೇಷ್ಟ್ರು.

ನಾನು ಬೆರಳು ಮಡಿಸುತ್ತ ಹೋದೆ. ಒಂದೂ ಸಿಗಲಿಲ್ಲ.

“ಯಾವುದು ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ ಅನ್ನೋದು ಸುಳ್ಳು” ಎಂದು ಅವರು ದನಿ ತಗ್ಗಿಸಿದರು. “ನಂಗೆ ಗೊತ್ತು. ನಲವತ್ತು ದಿನ ಬಾಯಿಗೆ ಬರದ ಪದ ಬಾಗಿಲ ಹತ್ರ ಬಂದು ಕೂತ್ಕೊಳ್ಳುತ್ತೆ. ಹೊಸದು ಬಂದ್ರೆ ಅದು ಎದ್ದು ಹೋಗುತ್ತೆ. ಹೇಳಿದ್ರೆ ಎಲ್ರಿಗೂ ನಾಚಿಕೆಯಾಗುತ್ತೆ ಅಂತ ಸುಮ್ನಿದೀನಿ. ನಂಗೂ ಆಗಿದೆ. ನಮ್ಮಮ್ಮನ ಊರಿನ ಹೆಸರು ನಂಗೆ ಗೊತ್ತಿಲ್ಲ ತಿರುಮಲಯ್ಯ.”

“ಹಾಗಾದ್ರೆ ಅವಳ ಹೆಸರು?”

“ಮೂವತ್ತು ವರ್ಷದಿಂದ ಬಾಗಿಲ ಹತ್ರ ಕೂತಿತ್ತು.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಹಳ ದುಃಖವಾಯಿತು. ಅವಳ ಹೆಸರನ್ನು ‘ದ್ವಂದ್ವಾತ್ಮಕ’ವೋ ‘ಅನುಸಂಧಾನ’ವೋ ತಳ್ಳಿತು ಎಂದು ನಾನು ಇಷ್ಟು ದಿನ ದೂರುತ್ತಿದ್ದೆ. ಅದು ಹೋಗಲು ಅಷ್ಟು ದೊಡ್ಡ ಪದವೇನೂ ಬೇಕಾಗಿರಲಿಲ್ಲ, ಯಾವ ಪದ ಬಂದಿದ್ದರೂ ಹೋಗುತ್ತಿತ್ತು.

“ಬೋರ್ಡು ತಿದ್ದಿಸ್ತೀನಿ, ಎಂಬತ್ತು ಪದ ಹೇಳ್ಕೊಡಿ” ಎಂದೆ.

“ಎಂಬತ್ತು ಕಲಿತ್ರೆ ಬೋರ್ಡಿಗೆ ಹೆಸರು ಬರುತ್ತೆ. ಅದು ಯಾರ ಹೆಸರು ಅಂತ ನಿಮಗೆ ಗೊತ್ತಿರಲ್ಲ. ನಿಮಗೆ ಬೇಕಾಗಿರೋದು ಒಂದೇ ಪದ. ಅದನ್ನ ಹೇಳ್ಕೊಡೋರು ನಾನಲ್ಲ” ಎಂದು ಮೇಷ್ಟ್ರು ಬಾಗಿಲ ಕಡೆ ಕೈ ತೋರಿಸಿದರು. ಹೊರಡಿ ಎನ್ನಲು ಅವರು ಹಾಗೆಯೇ ಕೈ ತೋರಿಸುವುದು, ಆ ಪದ ಅವರಲ್ಲಿಲ್ಲ.

ಮನೆಗೆ ಬಂದಾಗ ಬೆಳಗಿನ ಹತ್ತು ಗಂಟೆ. ಅವಳು ಅಡುಗೆಮನೆಯಲ್ಲಿ ಮೊರದ ತುಂಬ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ಮಂಡಿ ನೋವು ಎಂದು ನೆಲದ ಮೇಲೆ ಕೂರುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು.

“ನಂಗೆ ನಿನ್ನ ಹೆಸರು ಕಲಿಸ್ಕೊಡು” ಎಂದೆ.

ಅವಳು ಕಲ್ಲು ಆರಿಸುತ್ತಲೇ ಇದ್ದಳು. “ಬೋರ್ಡಿಗಾ?”

“ಅಲ್ಲ. ಬೋರ್ಡು ಹಾಳಾಗಿ ಹೋಗ್ಲಿ. ನಂಗೆ ಬೇಕು. ನಂದೇ ತಪ್ಪು. ಚಕ್ಕುಲಿ ಬರೆಸ್ದೆ ನಾನು.”

“ಚಕ್ಕುಲಿ ಬರೆಸಿದ್ರಿ” ಎಂದಳು. ಅವಳ ಬಾಯಿಯ ಅಂಚು ಸ್ವಲ್ಪ ಅಲುಗಿತು. “ಕಲಿತ್ರೆ ಇನ್ನೊಂದು ಹೋಗುತ್ತೆ, ಗೊತ್ತಲ್ಲ? ಕ್ಲಾವರೋ ಗುಲಾಮನೋ ಹೋದ್ರೆ ನನ್ನನ್ನ ಅನ್ಬೇಡಿ.”

“ಯಾವುದು ಬೇಕಾದ್ರೂ ಹೋಗ್ಲಿ.”

ಅವಳು ಒಂದು ತಟ್ಟೆಗೆ ಎರಡು ಹಿಡಿ ಅಕ್ಕಿ ಸುರಿದು, ಕೈಯಿಂದ ಸಮ ಮಾಡಿ ನನ್ನ ಮುಂದಿಟ್ಟಳು. ಮಗುವಿಗೆ ಮೊದಲ ಅಕ್ಷರ ಬರೆಸುವ ಹಾಗೆ ನನ್ನ ತೋರುಬೆರಳು ಹಿಡಿದು ಅಕ್ಕಿಯ ಮೇಲೆ ಎಳೆದಳು. ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು. ಬಾಯಿಯಲ್ಲಿ ಒಂದೊಂದೇ ಅಕ್ಷರ ಹೇಳಿದಳು. ಮೊದಲ ಐದು ಸಲ ನನಗೆ ಕೆಮ್ಮು ಕೇಳಿಸಿತು, ತಟ್ಟೆಯಲ್ಲಿ ಗೆರೆ ಕಾಣಿಸಿತು. ಆರನೆಯ ಸಲ ಮೊದಲ ಅಕ್ಷರ ಸಿಕ್ಕಿತು. ಹತ್ತನೆಯ ಸಲ ನಾನೇ ಹೇಳಿ ನಾನೇ ಬರೆದೆ. ಅವಳು ತಟ್ಟೆಯನ್ನು ನೋಡುತ್ತ ಕೂತಳು. ಆಮೇಲೆ “ದೀರ್ಘ ಎಳೀಬೇಡಿ, ಅಪ್ಪ ಎಳೀತಿರ್ಲಿಲ್ಲ” ಎಂದು, ಆ ಅಕ್ಕಿಯನ್ನು ಬೇರೆ ಡಬ್ಬಿಗೆ ಸುರಿದಿಟ್ಟಳು.

ಒಂದು ಬಂತು, ಹೋದದ್ದು ಯಾವುದು ಎಂದು ನಾನು ಕುರ್ಚಿಯಲ್ಲಿ ಕೂತು ಹುಡುಕಿದೆ. ಕಾಫಿ ಇತ್ತು, ನಶ್ಯ ಇತ್ತು. ರಾಜ, ರಾಣಿ, ಗುಲಾಮ ಇದ್ದರು. ಸ್ನೇಹಿತರ ಹೆಸರು ಹೇಳಿಕೊಂಡೆ, ಮೂರೂ ಸಿಕ್ಕಿದವು. ‘ದ್ವಂದ್ವಾತ್ಮಕ’ವಾದರೂ ತೊಲಗಿದ್ದರೆ ಸಾಕಿತ್ತು, ಅದೂ ಗಟ್ಟಿಯಾಗಿ ಕೂತಿತ್ತು. ಕೈಗೆ ಏನೂ ಸಿಗದೆ, ಬಹುಶಃ ನನಗೆ ಉಪಯೋಗವಿಲ್ಲದ ಯಾವುದೋ ಸಾಮಾನಿನ ಹೆಸರು ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮಧ್ಯಾಹ್ನ ಒಂದು ಗಂಟೆಗೆ ಹಜಾರ ತುಂಬಿತು. ಮೂವತ್ತು ಎಲೆ, ಮೂವತ್ತು ಜನ, ಪ್ರಿನ್ಸಿಪಾಲರೂ ಬಂದಿದ್ದರು. ಜನ ಕಾಲು ಚಾಚಿ ಕೂತಿದ್ದರಿಂದ ನಾನು ಎದ್ದು ಒಳಗೆ ಹೋಗಲು ದಾರಿಯಿರಲಿಲ್ಲ. ಮೂಲೆಯಲ್ಲಿದ್ದ ಹುಡುಗ ಕೈ ಎತ್ತಿದ.

“ಸಾರ್, ಇಲ್ಲಿ ಸಾರು ಬೇಕು. ಅಮ್ಮನ್ನ ಕರೀರಿ.”

ಹಳೆಯ ಅಭ್ಯಾಸದಂತೆ ಬಾಯಿ ತೆರೆದೆ. ಮೂವತ್ತು ವರ್ಷ ಕೂಗಿದ ಆ ಕೂಗು ಅಲ್ಲಿರಲಿಲ್ಲ. ಗಂಡಸರೆಲ್ಲ ಕೂಗುವ ಆ ಎರಡೂವರೆ ಅಕ್ಷರ, ನಾನು ಒಂದೂವರೆ ತಿಂಗಳಿಂದ ನಾಚಿಕೆಗೆ ಬಾಯಿಗೆ ತಾರದೆ ಇದ್ದದ್ದು, ಬಾಗಿಲ ಹತ್ತಿರ ಬಂದು ಕೂತಿದ್ದಿರಬೇಕು. ಎದ್ದು ಹೋಗಿತ್ತು. ಅವಳನ್ನು ಕರೆಯಲು ಈಗ ನನ್ನ ಹತ್ತಿರ ಒಂದೇ ಒಂದು ಪದವಿತ್ತು.

ಮೂವತ್ತು ಜನರ ಮುಂದೆ. ಪ್ರಿನ್ಸಿಪಾಲರ ಮುಂದೆ. ನನ್ನ ಕಿವಿ ಬಿಸಿಯಾಯಿತು. ಹುಡುಗ ಎಲೆಯ ಮೇಲೆ ಅನ್ನ ಗುಂಡಿ ಮಾಡಿಕೊಂಡು ಕಾಯುತ್ತಿದ್ದ.

“ವನಮಾಲ” ಎಂದೆ.

ಅದು ಯಾರು ಎಂದು ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅಡುಗೆಮನೆಯ ಹೊಸಿಲಿನಲ್ಲಿ ಅವಳು ಬಂದು ನಿಂತಳು. ಕೈಯಲ್ಲಿ ಸಾರಿನ ಪಾತ್ರೆಯಿತ್ತು, ಅದರಲ್ಲಿ ಆ ಉದ್ದ ಹಿಡಿಯದ್ದೂ ಇತ್ತು. ಮುಖ ಒಲೆಯ ಕಾವಿಗೆ ಕೆಂಪಾಗಿತ್ತೋ ಏನೋ ನನಗೆ ಗೊತ್ತಿಲ್ಲ.

“ಕೇಳಿಸ್ಲಿಲ್ಲ” ಎಂದಳು. “ಇನ್ನೊಂದ್ಸಲ ಕರೀರಿ.”

ಬೀದಿಯವರೆಗೂ ಕೇಳುವ ಹಾಗೆ ಕರೆದೆ.